ಗೋಡೆಯೊಳಗಿನ ಹಾಲಿನ ಕ್ಯಾನು

ನನಗೆ ಮದುವೆಯಾದದ್ದು ನಲವತ್ತು ದಾಟಿದ ಮೇಲೆ. ಹೆಂಡತಿಯ ಜೊತೆ ಎಂಟು ವರ್ಷದ ಅವಳ ಮಗಳೂ ಮನೆಗೆ ಬಂದಳು. ಹುಡುಗಿಯ ತಂದೆ ಶಿಡ್ಲಘಟ್ಟದ ಕಡೆಯ ಒಂದು ಹಳ್ಳಿಯವರು, ರೇಷ್ಮೆ ಬೆಳೆಯುವ ಮನೆಯವರು. ಮಗಳು ಇನ್ನೂ ಅಂಗನವಾಡಿಗೆ ಹೋಗುತ್ತಿದ್ದಾಗ ಒಂದು ದಿನ ಎದೆನೋವೆಂದು ಮಲಗಿದವರು ಮತ್ತೆ ಏಳಲಿಲ್ಲ. ನನ್ನ ಹೆಂಡತಿ ನರ್ಸ್. ಆಮೇಲೆ ಗೌರಿಬಿದನೂರಿಗೆ ವರ್ಗ ಮಾಡಿಸಿಕೊಂಡು ಬಂದು, ಮಗಳನ್ನು ಕಟ್ಟಿಕೊಂಡು ಒಂದು ಕೋಣೆಯ ಮನೆಯಲ್ಲಿ ಇದ್ದಳು. ನಾನು ನಗರಗೆರೆ ಕಡೆಯ ಪ್ರೌಢಶಾಲೆಯೊಂದರಲ್ಲಿ ಸಮಾಜ ಪಾಠ ಮಾಡುವ ಮೇಷ್ಟ್ರು. ನಮ್ಮಿಬ್ಬರನ್ನೂ ಬಲ್ಲವರೊಬ್ಬರು ಮಾತು ಎತ್ತಿದರು. ತನ್ನ ಹಿಂದಿನ ಅತ್ತೆ ಮಾವ ‘ಆಗಲಿ’ ಅಂದ ಮೇಲೆಯೇ ಅವಳು ಒಪ್ಪಿದ್ದು ಎಂಬುದು ನನಗೆ ಗೊತ್ತಾದದ್ದು ಎಷ್ಟೋ ದಿನದ ಮೇಲೆ. ಅವರು ಮದುವೆಗೆ ಬರಲಿಲ್ಲ. ಒಂದು ರೇಷ್ಮೆ ಸೀರೆ ಕಳಿಸಿದ್ದರು.

ಮೊದಲ ವರ್ಷವೆಲ್ಲ ಹುಡುಗಿ ನನ್ನನ್ನು ಏನೆಂದೂ ಕರೆಯಲಿಲ್ಲ. ಅದು ಮುನಿಸಲ್ಲ. ಏನೆಂದು ಕರೆಯಬೇಕೋ ಅವಳಿಗೆ ಹೊಳೆದಿರಲಿಲ್ಲ, ಹೀಗೆ ಕರಿ ಎಂದು ಹೇಳಿಕೊಡಲು ನಮಗೂ ಬಾಯಿ ಬರಲಿಲ್ಲ. ಕರೆಯದೆಯೇ ಮಾತಾಡಲು ಕನ್ನಡದಲ್ಲಿ ಬೇಕಾದಷ್ಟು ದಾರಿಗಳಿವೆ. ಅಮ್ಮ ಊಟಕ್ಕೆ ಕರೀತಿದಾರೆ, ಇಲ್ಲೊಂದು ಸೈನ್ ಬೇಕಂತೆ, ಫ್ಯಾನ್ ಹಾಕಿ. ಅವಳು ಆ ದಾರಿಗಳಲ್ಲಿ ಎಲ್ಲೂ ಎಡವದೆ ನಡೆಯುತ್ತಿದ್ದಳು. ನಾನೂ ಅವಳಿಗೆ ಅಡ್ಡ ಬರದಂತೆ ಇದ್ದೆ. ಹೋಮ್‌ವರ್ಕ್ ಹೇಳಿಕೊಡುತ್ತಿದ್ದೆ, ಶಾಲೆಗೆ ಬಿಡುತ್ತಿದ್ದೆ. ಸ್ಕೂಟರಿನಲ್ಲಿ ಹಿಂದೆ ಕೂತಾಗ ಅವಳು ನನ್ನ ಅಂಗಿ ಹಿಡಿಯುತ್ತಿರಲಿಲ್ಲ, ಸೀಟಿನ ಹಿಂದಿನ ಕಂಬಿ ಹಿಡಿಯುತ್ತಿದ್ದಳು.

ಎರಡನೆಯ ಬೇಸಿಗೆ ರಜೆ ಶುರುವಾದ ವಾರ. ಮಧ್ಯಾಹ್ನ ಕರೆಂಟು ಹೋಗಿತ್ತು. ನಾನು ವರಾಂಡದಲ್ಲಿ ಉತ್ತರಪತ್ರಿಕೆ ತಿದ್ದುತ್ತಾ ಕೂತಿದ್ದೆ. ಹುಡುಗಿ ಬಂದು ಕಂಬಕ್ಕೆ ಒರಗಿ ನಿಂತು, ಟೈಮ್ ಕ್ಯಾಪ್ಸೂಲ್ ಅಂದರೆ ಗೊತ್ತಾ ಎಂದು ಕೇಳಿದಳು. ಶಾಲೆಯ ಕೊನೆಯ ದಿನ ಅವಳ ಮಿಸ್ಸು ಹೇಳಿದ್ದರಂತೆ. ಒಂದು ಡಬ್ಬಿಯಲ್ಲಿ ಈಗಿನ ಸಾಮಾನು ಹಾಕಿ ಮುಚ್ಚಿ ಎಲ್ಲಾದರೂ ಹೂತಿಡಬೇಕು, ದೊಡ್ಡವರಾದ ಮೇಲೆ ತೆಗೆದು ನೋಡಬೇಕು, ಆಗ ಚಿಕ್ಕವರಿದ್ದಾಗ ನಾವು ಹೇಗಿದ್ದೆವು ಅಂತ ತಿಳಿಯುತ್ತದೆ. ಎಷ್ಟು ದೊಡ್ಡವಳಾದ ಮೇಲೆ ತೆಗೆಯುತ್ತೀಯ ಎಂದು ಕೇಳಿದೆ. ಅಮ್ಮನಷ್ಟು ದೊಡ್ಡವಳಾದಾಗ ಅಂದಳು.

ಅವಳು ತಾನಾಗಿ ಬಂದು ನನ್ನನ್ನು ಒಂದು ಕೆಲಸಕ್ಕೆ ಕರೆದದ್ದು ಅದೇ ಮೊದಲು. ನಾನು ಪೇಪರುಗಳನ್ನು ಕಟ್ಟಿ ಒಳಗಿಟ್ಟೆ.

ಸಮಾಜದ ಮೇಷ್ಟ್ರಿಗೆ ಇಂಥದ್ದು ಸಿಕ್ಕರೆ ಬಿಡುತ್ತಾನೆಯೇ? ಅವತ್ತಿನ ದಿನಪತ್ರಿಕೆ, ಚಲಾವಣೆಯ ನಾಣ್ಯಗಳು, ತಾಲ್ಲೂಕಿನ ನಕ್ಷೆ, ರಾಗಿ, ಜೋಳದ ಮಾದರಿ ಎಂದೆಲ್ಲ ಹೇಳುತ್ತಾ ಹೋದೆ. ಹುಡುಗಿ ಎಲ್ಲವನ್ನೂ ಕೇಳಿಸಿಕೊಂಡಳು. ಆಮೇಲೆ, ‘ಅದೆಲ್ಲಾ ಬೇರೆಯೋರು ಹಾಕ್ತಾರೆ ಬಿಡಿ. ನಾವು ನಮ್ದು ಹಾಕಣ’ ಅಂದಳು.

ಮೊದಲು ಡಬ್ಬಿಯ ಪ್ರಶ್ನೆ. ಬಿಸ್ಕತ್ತಿನ ತಗಡಿನ ಡಬ್ಬಿ ಒಂದಿತ್ತು. ಮಳೆ ನೀರು ಒಳಗೆ ಇಳಿದರೆ ಎಲ್ಲ ಹಾಳಾಗುತ್ತದೆ ಎಂದು ನಾನು ಹೇಳಿದ್ದಕ್ಕೆ ಅವಳು ಪರೀಕ್ಷೆ ಮಾಡಿಯೇ ಬಿಡೋಣ ಅಂದಳು. ಒಳಗೆ ಪತ್ರಿಕೆಯ ಒಂದು ಚೂರು ಇಟ್ಟು, ಮುಚ್ಚಳದ ಸುತ್ತ ಮೇಣ ಬಿಟ್ಟು, ಬಕೆಟ್ಟಿನ ನೀರಿನಲ್ಲಿ ಮುಳುಗಿಸಿ ಮೇಲೆ ಗುಂಡುಕಲ್ಲು ಹೇರಿದೆವು. ಸಂಜೆ ತೆಗೆದರೆ ಕಾಗದ ಅಂಬಲಿಯಾಗಿತ್ತು. ಊಟದ ಡಬ್ಬಿಯನ್ನು ಮುಳುಗಿಸಿದೆವು, ಅದೂ ಸೋತಿತು. ಸ್ನಾನಕ್ಕೆ ಬಕೆಟ್ ಸಿಗದೆ ಹೆಂಡತಿ ಗೊಣಗಿದಳು. ಆದರೆ ಗೊಣಗುತ್ತಲೇ ಅಟ್ಟದಿಂದ ಒಂದು ಹಳೆಯ ಹಾಲಿನ ಕ್ಯಾನು ಇಳಿಸಿಕೊಟ್ಟಳು. ಎರಡು ಲೀಟರು ಹಿಡಿಯುವ, ತಿರುಪಿ ಮುಚ್ಚುವ ಸ್ಟೀಲ್ ಕ್ಯಾನು. ಅದರಲ್ಲೂ ಸ್ವಲ್ಪ ನೀರು ನುಗ್ಗಿತು. ಹುಡುಗಿ ಅದನ್ನು ಹೊರಳಿಸಿ ಹೊರಳಿಸಿ ನೋಡಿ, ಕುಕ್ಕರಿಗೆ ಇರುತ್ತದಲ್ಲ ಅಂಥ ರಬ್ಬರು ಇದಕ್ಕಿಲ್ಲ ಅಂದಳು. ಇಬ್ಬರೂ ಸ್ಕೂಟರ್ ಹತ್ತಿ ಪಂಕ್ಚರ್ ಅಂಗಡಿಗೆ ಹೋದೆವು. ಅಂಗಡಿಯವರು ಅಲೀಪುರದವರು, ನಿಧಾನದ ಮನುಷ್ಯ. ವಿಷಯ ಕೇಳಿ ನಕ್ಕು, ಹಳೆಯ ಟ್ಯೂಬಿನಿಂದ ಎರಡು ಬಳೆಗಳನ್ನು ಕತ್ತರಿಸಿಕೊಟ್ಟರು. ಈ ಸಲ ಕಾಗದ ಹಪ್ಪಳದಂತೆ ಒಣಗಿಕೊಂಡೇ ಹೊರಬಂತು. ಹುಡುಗಿ ಅದನ್ನು ಕೆನ್ನೆಗೆ ಒತ್ತಿ ನೋಡಿ ನನ್ನ ಕೆನ್ನೆಗೂ ಒತ್ತಿದಳು.

ಒಳಗೆ ಹಾಕುವ ಸಾಮಾನು ಆರಿಸಲು ಒಂದು ವಾರವೇ ಹಿಡಿಯಿತು. ಬಿದ್ದ ಹಲ್ಲು ಒಂದು, ಹತ್ತಿಯಲ್ಲಿ ಸುತ್ತಿದ್ದು. ಅವಳ ಸ್ನೇಹಿತೆ ಕೊಟ್ಟ, ಬಣ್ಣ ಹೋದ ಕ್ಲಿಪ್ಪು. ನಮ್ಮ ಮನೆಯ ಗೋಡೆಯ ಸುಣ್ಣದ ಒಂದು ಚಕ್ಕೆ. ಮನೆ ಮುಂದೆ ಹಾದುಹೋಗುವ ರೈಲಿನ ಚಿತ್ರ ಬರೆದಳು, ಕಿಟಕಿಗೊಬ್ಬರಂತೆ ಜನರನ್ನು ಕೂರಿಸಿ. ಅಮ್ಮನ ಆಸ್ಪತ್ರೆಯ ವಾಸನೆ ಹಾಕಬೇಕೆಂದು ಹಟ ಹಿಡಿದಳು. ಕೊನೆಗೆ ಸ್ಪಿರಿಟ್ಟಿನಲ್ಲಿ ಅದ್ದಿದ ಹತ್ತಿಯನ್ನು ಪುಟ್ಟ ಸೀಸೆಯಲ್ಲಿ ಹಾಕಿ ಬಿರಡೆ ಬಿಗಿದೆವು. ವಾಸನೆ ಅಷ್ಟು ವರ್ಷ ಉಳಿಯುವುದಿಲ್ಲ ಎಂದು ನನಗೆ ಗೊತ್ತಿತ್ತು, ಹೇಳಲಿಲ್ಲ.

ನಾನೂ ಒಂದು ಸಾಮಾನು ಹಾಕಬೇಕು, ಅದು ಶಾಲೆಯದ್ದಾಗಿರಬಾರದು ಎಂದು ಕಟ್ಟಪ್ಪಣೆ ಮಾಡಿದ್ದಳು. ನಾನು ಎರಡು ದಿನ ಯೋಚಿಸಿದೆ. ಇಷ್ಟು ವರ್ಷ ಒಬ್ಬನೇ ಬದುಕಿದವನ ಹತ್ತಿರ ಶಾಲೆಯದ್ದಲ್ಲದ ಸಾಮಾನು ಎಷ್ಟು ಕಡಿಮೆ ಇರುತ್ತದೆ ಎಂದು ಆಗ ಅರಿವಾಯಿತು. ನನ್ನ ಪೇಚಾಟ ನೋಡಿ ಅವಳೇ ನನ್ನ ಮೇಜಿನ ಖಾನೆ ಹುಡುಕಿ, ಒಂದು ಕಡ್ಡಿ ಮುರಿದ ಹಳೆಯ ಕನ್ನಡಕ ತಂದಳು.

‘ಇದು ಹಾಕಣ. ನಾನು ದೊಡ್ಡೋಳಾದಾಗ ಹಾಕ್ಕೊಂಡು ನೋಡ್ತೀನಿ, ನಾವೆಲ್ಲ ನಿಮ್ಗೆ ಹೆಂಗೆ ಕಾಣ್ತಿದ್ವಿ ಅಂತ.’

ಮಸುಕಾಗಿ ಕಾಣುತ್ತಿದ್ದಿರಿ ಕಣಮ್ಮ, ಅದಕ್ಕೇ ಬೇರೆ ಕೊಂಡದ್ದು ಅಂದೆ. ಅವಳು ಮೊದಲ ಸಲ ನನ್ನ ಮಾತಿಗೆ ಜೋರಾಗಿ ನಕ್ಕಳು.

ಹೂಳುವುದು ಎಲ್ಲಿ ಎಂಬುದು ಇನ್ನೊಂದು ಪ್ರಶ್ನೆ. ಬಾಡಿಗೆ ಮನೆ, ಅಂಗಳಕ್ಕೆಲ್ಲ ಸಿಮೆಂಟು. ನನ್ನ ಮನಸ್ಸಿನಲ್ಲಿ ನಗರಗೆರೆ ಹತ್ತಿರ ಅಣ್ಣ ನೋಡಿಕೊಳ್ಳುವ ನಮ್ಮ ಹೊಲ ಇತ್ತು. ಬದುವಿನ ಮೇಲಿನ ಹುಣಸೆ ಮರದ ಬುಡವನ್ನೂ ಆರಿಸಿಟ್ಟಿದ್ದೆ. ಹೇಳಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಅವಳು, ‘ತಾತನ ತೋಟದಲ್ಲಿ ಹೂಳಣ, ಅಪ್ಪನ ಪಕ್ಕ’ ಅಂದಳು. ಅವಳ ತಂದೆಯನ್ನು ಮಣ್ಣು ಮಾಡಿದ್ದು ಹಿಪ್ಪುನೇರಳೆ ತೋಟದ ಮೂಲೆಯಲ್ಲಿ. ಒಳ್ಳೆಯ ಜಾಗ ಅಂದೆ. ಹುಣಸೆ ಮರದ ವಿಚಾರ ನನ್ನಲ್ಲೇ ಉಳಿಯಿತು.

ಮಾರನೆಯ ಮಧ್ಯಾಹ್ನ ಹೆಂಡತಿ ಡ್ಯೂಟಿಗೆ ಹೋಗಿದ್ದಳು. ಹುಡುಗಿ ಬೀರುವಿನಿಂದ ಕರ್ಚೀಫಿನಲ್ಲಿ ಸುತ್ತಿದ ಏನನ್ನೋ ತಂದು ನನ್ನ ಮುಂದೆ ಬಿಚ್ಚಿದಳು. ಗಂಡಸರ ಕೈಗಡಿಯಾರ. ಕೀ ಕೊಡುವ ಹಳೆಯ ಕಾಲದ್ದು, ಗಾಜಿನ ಮೇಲೆ ಗೀರು, ಮುಳ್ಳುಗಳು ನಿಂತಿದ್ದವು.

‘ಅಪ್ಪಂದು. ಇದೂ ಹಾಕಣ’ ಅಂದಳು.

ನನ್ನ ತಲೆಯಲ್ಲಿ ಏನೇನೋ ಓಡಿತು. ಅಪ್ಪನನ್ನು ಮುಚ್ಚಿಟ್ಟು ನನಗೆ ಜಾಗ ಮಾಡಿಕೊಡಬೇಕೆಂದು ಈ ಮಗು ಅಂದುಕೊಂಡಿದೆಯೇ? ಯಾರಾದರೂ ಹಾಗೆ ಹೇಳಿಕೊಟ್ಟರೇ? ಅಥವಾ ಈ ಮನೆಯಲ್ಲಿ ಅಪ್ಪನ ವಸ್ತು ಇರುವುದು ನನಗೆ ಹಿಡಿಸುವುದಿಲ್ಲವೆಂದೇ? ಆದಷ್ಟು ಮೆತ್ತಗೆ, ಯಾಕಮ್ಮ ಇದನ್ನು ಹಾಕಬೇಕು ಅನ್ನಿಸಿತು ಎಂದು ಕೇಳಿದೆ.

‘ಬೀರುಲಿದ್ರೆ ಕಳ್ದೋಗತ್ತೆ. ಮನೆ ಬದ್ಲಾಯಿಸ್ದಾಗ ನನ್ನ ಛತ್ರಿ ಕಳ್ದೋಯ್ತಲ್ಲ. ಕ್ಯಾನೊಳಕ್ಕೆ ನೀರೂ ಹೋಗಲ್ಲ. ನೀವೇ ನೋಡಿದ್ರಲ್ಲ’ ಅಂದಳು. ಸ್ವಲ್ಪ ಹೊತ್ತು ಕರ್ಚೀಫಿನ ಅಂಚು ಮಡಿಸುತ್ತಿದ್ದು, ಆಮೇಲೆ ಸೇರಿಸಿದಳು: ‘ಅಪ್ಪನ ಮುಖ ಫೋಟೋದಲ್ಲೈತೆ. ಮಾತಾಡಿದ್ದು ಮರ್ತೋಗೈತೆ ನಂಗೆ.’

ನಾನು ಅಂದುಕೊಂಡದ್ದೆಲ್ಲ ಬುರುಡೆ. ನಾವಿಬ್ಬರೂ ಬಕೆಟ್ಟಿನಲ್ಲಿ ಮುಳುಗಿಸಿ ನೋಡಿದ ಕ್ಯಾನು ಅವಳ ಪಾಲಿಗೆ ಲೋಕದಲ್ಲೆಲ್ಲ ಗಟ್ಟಿಯಾದ ಜಾಗವಾಗಿತ್ತು, ಅಷ್ಟೆ. ಆ ಕ್ಯಾನಿಗೆ ರಬ್ಬರು ಹಾಕಿಸಿದ ಬಗ್ಗೆ ನನಗೆ ಅವತ್ತು ಆದಷ್ಟು ಹೆಮ್ಮೆ ಬಿ.ಎಡ್. ಪಾಸಾದಾಗಲೂ ಆಗಿರಲಿಲ್ಲ. ಆದರೂ ಇದು ನಾವಿಬ್ಬರೇ ತೀರ್ಮಾನ ಮಾಡುವಂಥದ್ದಲ್ಲ, ಅಮ್ಮನನ್ನು ಕೇಳೋಣ ಎಂದು ಹೇಳಿದೆ.

ಸಂಜೆ ಹೆಂಡತಿ ಬಂದು ಕೈಕಾಲು ತೊಳೆಯುತ್ತಾ ಎಲ್ಲ ಕೇಳಿದಳು. ತುಂಬ ಹೊತ್ತು ಕೈ ಒರೆಸಿಕೊಂಡಳು. ಆ ಗಡಿಯಾರ ಮೊದಲಿಗೆ ಮಾವನದು, ಮಗನ ಮದುವೆಯಲ್ಲಿ ಅವರೇ ಬಿಚ್ಚಿ ಮಗನ ಕೈಗೆ ಕಟ್ಟಿದ್ದು, ಆದ್ದರಿಂದ ಕೇಳಬೇಕಾದ್ದು ಅವರನ್ನು ಎಂದಳು. ಹಾಗಾದರೆ ಮೂವರೂ ಹೋಗೋಣ ಎಂದೆ ನಾನು. ಅವಳಿಗೆ ಆ ವಾರ ರಜೆಯಿರಲಿಲ್ಲ. ಇದ್ದಿದ್ದರೂ ಬರುತ್ತಿದ್ದಳೋ ಇಲ್ಲವೋ.

‘ನೀವಿಬ್ರೇ ಹೋಗ್ಬನ್ನಿ. ಅವ್ರು ನಿಮ್ಮನ್ನ ನೋಡ್ಬೇಕು ಅಂತಿದ್ರು. ನಾನೇ ಹೇಳಿರ್ಲಿಲ್ಲ’ ಅಂದಳು.

ಹೊರಡುವ ದಿನ ಬೆಳಿಗ್ಗೆ ಅವಳೂ ಕ್ಯಾನಿಗೆಂದು ಒಂದು ಪೊಟ್ಟಣ ಕೊಟ್ಟಳು. ಹಳೆಯ ಸೀರೆಯ ಚೂರಿನಲ್ಲಿ ಸುತ್ತಿ, ನಾಲ್ಕೂ ಕಡೆ ದಾರದಿಂದ ಹೊಲಿದಿದ್ದಳು. ಅಂಗೈಯಷ್ಟು ಅಗಲ, ಹಗುರ. ಹುಡುಗಿ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿದಳು, ಸದ್ದಿಲ್ಲ. ಏನೆಂದು ಹೆಂಡತಿ ಹೇಳಲಿಲ್ಲ, ನಾನು ಕೇಳಲಿಲ್ಲ. ಇವತ್ತಿನವರೆಗೂ ಕೇಳಿಲ್ಲ.

ಮಂಚೇನಹಳ್ಳಿ ಮೇಲೆ ಹೋಗುವ ಚಿಕ್ಕಬಳ್ಳಾಪುರದ ಬಸ್ಸು ಹಿಡಿದೆವು. ಕ್ಯಾನು ಹುಡುಗಿಯ ತೊಡೆಯ ಮೇಲೆ. ಪಕ್ಕದಲ್ಲಿ ಕೂತಿದ್ದ ವಯಸ್ಸಾದ ಹೆಂಗಸು, ಹಾಲು ಯಾರಿಗಮ್ಮ ಎಂದು ವಿಚಾರಿಸಿದರು. ಹುಡುಗಿ ಕ್ಯಾನಿನ ಮೇಲೆ ಕೈಯಿಟ್ಟುಕೊಂಡು, ‘ಹಾಲಲ್ಲ ಅಜ್ಜಿ. ಇದ್ರಲ್ಲಿ ನಮ್ಮನೆಯೋರಿದ್ದಾರೆ. ತಾತನ ತೋಟದಲ್ಲಿ ಹೂಳಕ್ಕೆ ತಗೊಂಡೋಗ್ತಿದೀವಿ’ ಅಂದಳು. ಆ ಹೆಂಗಸು ಮುಖ ಗಂಭೀರ ಮಾಡಿಕೊಂಡು, ಕಾಲು ಹಿಂದಕ್ಕೆ ಎಳೆದುಕೊಂಡು, ಕ್ಯಾನಿಗೆ ಕೈಮುಗಿದರು. ನನ್ನತ್ತ ತಿರುಗಿ ತೆಲುಗಿನಲ್ಲಿ ಮೆಲ್ಲಗೆ, ಯಾರು ಹೋದದ್ದು ನಾಯನಾ ಎಂದು ಕೇಳಿದರು. ಬೂದಿ ಅಲ್ಲ, ಮಕ್ಕಳ ಆಟದ ಸಾಮಾನು ಎಂದು ಅವರಿಗೆ ತಿಳಿಯಹೇಳುವಷ್ಟರಲ್ಲಿ ನಾನು ಬೆವೆತುಹೋದೆ. ತಿಳಿದ ಮೇಲೆ ಅವರು ಮಂಚೇನಹಳ್ಳಿವರೆಗೂ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು. ಇಳಿಯುವಾಗ ಚೀಲದಿಂದ ಒಂದು ಬಟಾಣಿ ಕಾಯಿ ತೆಗೆದು, ಇದೂ ಹಾಕು ಎಂದು ಹುಡುಗಿಯ ಕೈಗೆ ಕೊಟ್ಟರು. ಅವಳು ಅದನ್ನು ತಿಂದಳು.

ಚಿಕ್ಕಬಳ್ಳಾಪುರದ ನಿಲ್ದಾಣದಲ್ಲಿ ಬಸ್ಸು ಬದಲಿಸಬೇಕಿತ್ತು. ಹೂವಿನ ಮೂಟೆಗಳ ನಡುವೆ ದಾರಿ ಮಾಡಿಕೊಂಡು, ಹೊರಡುತ್ತಿದ್ದ ಒಂದು ಬಸ್ಸಿನತ್ತ ನಾನು ಓಡತೊಡಗಿದೆ. ಹಿಂದಿನಿಂದ ಹುಡುಗಿ ನನ್ನ ಅಂಗಿಯ ಚುಂಗು ಹಿಡಿದೆಳೆದಳು.

‘ಇರಪ್ಪ, ಅದು ನಮ್ ಬಸ್ಸಲ್ಲ.’

ನಾನು ನಿಂತೆ. ಅವಳು ಬೋರ್ಡುಗಳನ್ನು ಓದುತ್ತಿದ್ದಳು; ತಾನು ಏನಾದರೂ ಅಂದೆನೆಂಬ ಅರಿವು ಅವಳ ಮುಖದಲ್ಲಿರಲಿಲ್ಲ. ನಮ್ಮ ಕಡೆ ಮಾತಿನ ಬಾಲಕ್ಕೆ ಅಪ್ಪ, ಅಮ್ಮ ಸೇರಿಸುವುದು ಉಸಿರಾಡಿದಷ್ಟೇ ಸಹಜ. ಕಂಡಕ್ಟರು ಹತ್ತಪ್ಪ ಅನ್ನುತ್ತಾನೆ, ತರಕಾರಿಯವಳು ತಗೊಳ್ಳಪ್ಪ ಅನ್ನುತ್ತಾಳೆ, ನಾನೇ ನನ್ನ ಹುಡುಗರಿಗೆ ಕೂತ್ಕೊಳ್ಳಪ್ಪ ಅನ್ನುತ್ತೇನೆ. ಅವಳು ಹೇಳಿದ್ದು ಆ ಬಾಲವೋ, ಅಥವಾ ಆ ಪದವೋ ಎಂದು ತಿಳಿಯಲು ದಾರಿಯಿಲ್ಲ. ಶಿಡ್ಲಘಟ್ಟದ ಬಸ್ಸಿನಲ್ಲಿ ಕಿಟಕಿಯ ಹೊರಗೆ ನಂದಿಬೆಟ್ಟ ಹಿಂದೆ ಸರಿಯುವವರೆಗೂ ನಾನು ಅದನ್ನೇ ತಿರುವಿ ಹಾಕುತ್ತಿದ್ದೆ. ಆಮೇಲೆ, ಎರಡರಲ್ಲಿ ಯಾವುದಾದರೂ ಸರಿಯೇ ಅನ್ನಿಸಿ ಬಿಟ್ಟುಬಿಟ್ಟೆ.

ಶಿಡ್ಲಘಟ್ಟದಿಂದ ಚಿಂತಾಮಣಿ ರಸ್ತೆಯಲ್ಲಿ ಸ್ವಲ್ಪ ದೂರ ಆಟೋದಲ್ಲಿ ಹೋಗಿ, ಅಲ್ಲಿಂದ ನಡೆದೆವು. ಹುಡುಗಿ ಮುಂದೆ ಮುಂದೆ. ಹತ್ತಿರವಾದಷ್ಟೂ ನನ್ನ ಹೆಜ್ಜೆ ನಿಧಾನವಾಯಿತು. ಆ ಮನೆಯವರು ಮಗನನ್ನು ಕಳೆದುಕೊಂಡವರು. ಅವನ ಹೆಂಡತಿಯನ್ನು ಮದುವೆಯಾದವನು ಅವನ ಮಗಳ ಕೈಹಿಡಿದು ಅವರ ಹೊಸ್ತಿಲು ದಾಟುವುದು ಹೇಗೆ? ಏನೆಂದು ಮಾತು ತೆಗೆಯುವುದು? ದಾರಿಯುದ್ದಕ್ಕೂ ಒಂದೆರಡು ಮಾತು ಕಟ್ಟಿ ಕೆಡವಿದೆ.

ಹೇಳಬೇಕಾದ ಪ್ರಸಂಗವೇ ಬರಲಿಲ್ಲ. ಅವತ್ತು ಅವರ ಮನೆಯಲ್ಲಿ ಗೂಡು ಬಿಡಿಸುವ ದಿನ. ಹುಳುಗಳು ಹಣ್ಣಾಗಿ ನೂಲು ಸುತ್ತಿಕೊಂಡು ಗೂಡಾಗಿದ್ದವು. ಹುಳು ಗೂಡು ಕಟ್ಟುವ ಬಿದಿರಿನ ತಟ್ಟಿಗಳನ್ನು, ಅಂದರೆ ಚಂದ್ರಿಕೆಗಳನ್ನು, ಅಂಗಳದಲ್ಲಿ ಒರಗಿಸಿ, ಒಂದೊಂದೇ ಗೂಡನ್ನು ಬಿಡಿಸಿ ಬುಟ್ಟಿಗೆ ಹಾಕುತ್ತಿದ್ದರು. ಮಾರನೆಯ ಬೆಳಿಗ್ಗೆ ಮಾರುಕಟ್ಟೆಗೆ ಹೋಗಬೇಕು. ತಾತ ತಲೆಗೆ ಟವೆಲು ಸುತ್ತಿದ್ದ ಎತ್ತರದ ಮನುಷ್ಯ. ಮೊಮ್ಮಗಳ ತಲೆ ನೇವರಿಸಿ, ನನ್ನನ್ನು ಒಮ್ಮೆ ನೋಡಿ, ಬನ್ನಿ ಮೇಷ್ಟ್ರೇ ಎಂದರು. ಅಜ್ಜಿ ನೀರು ತಂದುಕೊಟ್ಟು, ಕೂರಪ್ಪ ಅಂದು, ನನ್ನ ಮುಂದೆಯೇ ಒಂದು ಚಂದ್ರಿಕೆ ತಂದು ನಿಲ್ಲಿಸಿದರು. ನಾನು ಕೈ ಹಚ್ಚಿದೆ. ನಾಲ್ವರೂ ಸುತ್ತ ಕೂತು ಗೂಡು ಬಿಡಿಸಿದೆವು. ಗೌರಿಬಿದನೂರಿನ ಮಳೆ, ನಮ್ಮ ಅಣ್ಣನ ಬೋರ್‌ವೆಲ್ಲು, ಹುಡುಗಿಯ ಓದು, ಸೊಪ್ಪಿನ ಬೆಳೆ ಎಂದು ಮಾತು ನಡೆಯಿತು. ಕೈಗೆ ಕೆಲಸವಿದ್ದರೆ ಮುಖ ನೋಡದೆ ಮಾತಾಡಬಹುದು. ಅಜ್ಜಿ ಅದನ್ನು ತಿಳಿದೇ ಮಾಡಿದರೋ, ಕೆಲಸ ಮುಗಿದರೆ ಸಾಕೆಂದು ಮಾಡಿದರೋ ನಾನರಿಯೆ.

ಬುಟ್ಟಿಗಳು ತುಂಬಿದ ಮೇಲೆ ಹುಡುಗಿ ಕ್ಯಾನು ತಂದು ಮುಚ್ಚಳ ತಿರುಪಿ, ಒಂದೊಂದೇ ಸಾಮಾನು ತೆಗೆದು ತೋರಿಸಿದಳು. ಹಲ್ಲಿನ ಹತ್ತಿರ ಅಜ್ಜಿ ನಕ್ಕರು. ಕೊನೆಗೆ ಅವಳು ಕರ್ಚೀಫು ಬಿಚ್ಚಿದಳು. ಗಡಿಯಾರ ಹಾಕಬಹುದೇ ಎಂದು ತಾತನನ್ನು ಕೇಳಿದಳು. ತೋಟದ ಮೂಲೆಯಲ್ಲಿ, ಅಪ್ಪನ ಪಕ್ಕ ಹೂಳುತ್ತೇವೆ, ನೀರು ಹೋಗುವುದಿಲ್ಲ ಎಂದೂ ಹೇಳಿದಳು.

ಅಜ್ಜಿ ಎದ್ದು ನಿಂತರು. ಅವರು ಕೂಗಲಿಲ್ಲ, ಅಳಲೂ ಇಲ್ಲ. ಮಡಿಲಿನಲ್ಲಿದ್ದ ರೇಷ್ಮೆಯ ಜೂಲು ಕೊಡವಿಕೊಂಡು, ‘ವದ್ದು ತಲ್ಲಿ, ಬ್ಯಾಡಮ್ಮ. ಮಣ್ಣಿಗೆ ಹಾಕಿದ್ದು ಸಾಕು. ಇನ್ನೇನೂ ಮಣ್ಣಿಗೆ ಹಾಕೋದು ಬ್ಯಾಡ’ ಎಂದು ಒಳಗೆ ಹೋದರು.

ಹುಡುಗಿ ನನ್ನ ಮುಖ ನೋಡಿದಳು. ತಪ್ಪು ಮಾಡಿದೆನೇ ಎಂದು ಕೇಳುವ ಕಣ್ಣು. ನಾನು ಅವಳ ಪಕ್ಕಕ್ಕೆ ಸರಿದು ಕೂತೆ. ಅಜ್ಜಿಗೆ ಬೇಜಾರಾದದ್ದು ನಿನ್ನ ಮೇಲಲ್ಲ, ಹೂಳುವುದು ಎಂಬ ಮಾತಿನ ಮೇಲೆ ಎಂದೆ. ಅದು ಅವಳಿಗೆ ಅರ್ಥವಾಯಿತು. ಮಕ್ಕಳಿಗೆ ಇಂಥದ್ದು ನಾವು ಎಣಿಸಿದ್ದಕ್ಕಿಂತ ಬೇಗ ಅರ್ಥವಾಗುತ್ತದೆ.

ತಾತ ಅಷ್ಟು ಹೊತ್ತೂ ಗಡಿಯಾರವನ್ನು ಅಂಗೈಯಲ್ಲಿಟ್ಟುಕೊಂಡು ನೋಡುತ್ತಿದ್ದರು. ಹೆಬ್ಬೆರಳು ತೋರುಬೆರಳಿನಿಂದ ಕೀ ಹಿಡಿದು ಮೆಲ್ಲಗೆ ತಿರುಗಿಸಿದರು. ಒಮ್ಮೆ ಅಲ್ಲಾಡಿಸಿ ಮೊಮ್ಮಗಳ ಕಿವಿಗೆ ಹಿಡಿದರು. ಅವಳ ಹುಬ್ಬು ಮೇಲೇರಿತು.

‘ಇದು ಕೆಟ್ಟಿಲ್ವಾ?’

‘ಯಾಕ್ ಕೆಡುತ್ತೆ? ಕೀ ಕೊಡೋರಿಲ್ದೆ ನಿಂತಿತ್ತು, ಅಷ್ಟೇ ಕಣಮ್ಮ’ ಎಂದರು ತಾತ.

ಅವಳು ಅದನ್ನು ಕಿವಿಯಿಂದ ಕಿವಿಗೆ ಬದಲಾಯಿಸಿಕೊಂಡು ಕೇಳಿದಳು. ನನಗೂ ಕೇಳಿಸಿದಳು. ಆಮೇಲೆ ಯಾರೂ ಕೇಳದೆ ತಾನೇ, ನಡೆಯುವ ಗಡಿಯಾರವನ್ನು ಡಬ್ಬಿಗೆ ಹಾಕಬಾರದು, ಒಳಗೆ ಯಾರು ಕೀ ಕೊಡುತ್ತಾರೆ ಎಂದಳು. ತಾತನ ಕೈಗೆ ತಾನೇ ಕಟ್ಟಿದಳು. ಪಟ್ಟಿ ಕೊನೆಯ ತೂತಿಗೆ ಬಂತು. ಮಗನ ಮಣಿಕಟ್ಟಿಗಿಂತ ತಂದೆಯದು ಈಗ ಸಣ್ಣದಾಗಿತ್ತು. ತಾತ ತೋಳು ಚಾಚಿ ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡರು. ನಾನು ಬುಟ್ಟಿಯತ್ತ ತಿರುಗಿ, ಆಗಲೇ ಬಿಡಿಸಿದ್ದ ಗೂಡುಗಳ ಮೇಲೆ ಸುಮ್ಮನೆ ಕೈಯಾಡಿಸಿದೆ.

ಊಟಕ್ಕೆ ಮುದ್ದೆ, ಬಸ್ಸಾರು. ಅಜ್ಜಿಯ ಕಣ್ಣು ಸ್ವಲ್ಪ ಕೆಂಪಾಗಿತ್ತು, ಆದರೆ ಬಡಿಸುವ ಕೈ ದೊಡ್ಡದಾಗಿಯೇ ಇತ್ತು. ಹುಡುಗಿ ಅವರ ಮಗ್ಗುಲಿಗೇ ಕೂತು, ಸಣ್ಣಗೆ ಕೆಮ್ಮಿ, ಅಪ್ಪ ಹೇಗೆ ಮಾತಾಡುತ್ತಿದ್ದ ಎಂದು ಕೇಳಿದಳು. ಅಂಥ ಪ್ರಶ್ನೆಯನ್ನು ಆ ಮನೆಯಲ್ಲಿ ಯಾರೂ ಕೇಳಿರಲಿಲ್ಲವೆಂದು ಕಾಣುತ್ತದೆ. ಅಜ್ಜಿ ಸೌಟು ಹಿಡಿದುಕೊಂಡೇ ಯೋಚಿಸಿದರು. ಏನಾದರೂ ಬೇಕಿದ್ದರೆ ಮೊದಲು ಗಂಟಲು ಸರಿಮಾಡಿಕೊಳ್ಳುತ್ತಿದ್ದ, ಆಮೇಲೆ ಬೇರೆ ಏನೋ ಮಾತು ತೆಗೆಯುತ್ತಿದ್ದ, ಬೇಕಾದ್ದನ್ನು ಕೊನೆಗೆ ಬಾಗಿಲ ಹತ್ತಿರ ನಿಂತು ಹೇಳುತ್ತಿದ್ದ ಎಂದರು.

‘ನಿನ್ ತರಾನೇ. ಈಗ ನೀನು ಗಂಟ್ಲು ಕೆಮ್ಮಿದ್ಯಲ್ಲ, ಅಂಗೇ.’

ಹುಡುಗಿಯ ಕೈ ತುತ್ತಿನ ಮೇಲೆಯೇ ನಿಂತಿತು. ಆಮೇಲೆ ಒಂದು ಸಲ ಬೇಕೆಂದೇ ಗಂಟಲು ಸರಿಮಾಡಿಕೊಂಡು ನೋಡಿದಳು. ತಾತ ತಟ್ಟೆಯಿಂದ ತಲೆ ಎತ್ತದೆ, ಇನ್ನೂ ಸ್ವಲ್ಪ ದಪ್ಪ ಎಂದರು. ಅವಳು ಇನ್ನೊಮ್ಮೆ ಮಾಡಿದಳು. ಹ್ಞಾ, ಈಗ ಸರಿ ಎಂದರು. ಅಜ್ಜಿ ನಕ್ಕೇಬಿಟ್ಟರು. ಆಮೇಲೆ ಮಾತು ನಿಲ್ಲಲಿಲ್ಲ. ಅವನು ಸೈಕಲ್ಲಿನಿಂದ ಬಾವಿಗೆ ಬಿದ್ದದ್ದು, ತೆಲುಗು ಪದ್ಯ ತಪ್ಪಾಗಿ ಹೇಳಿ ಮೇಷ್ಟ್ರ ಕೈಲಿ ಹೊಡೆಸಿಕೊಂಡದ್ದು, ಹೆಣ್ಣು ನೋಡಲು ಹೋದಾಗ ಮೂರು ಲೋಟ ನೀರು ಕುಡಿದದ್ದು. ನಾನು ಅವನನ್ನು ಎಂದೂ ಕಂಡಿರಲಿಲ್ಲ. ಎಲ್ಲರೊಡನೆ ಕೂತು ನಾನೂ ನಕ್ಕೆ. ಆ ಹೊತ್ತಿನಲ್ಲಿ ಅವನು ನನಗೂ ಗುರುತಿನವನಂತೆ ಆಗಿದ್ದ.

ಕ್ಯಾನನ್ನು ಎಲ್ಲಿಡುವುದು ಎಂಬುದನ್ನು ತಾತ ಬಗೆಹರಿಸಿದರು. ಹುಳು ಸಾಕುವ ಮನೆಯ ಹಳೆಯ ಗೋಡೆ ಮಣ್ಣಿನದು, ಎರಡು ಮೊಳ ದಪ್ಪ. ಅದರಲ್ಲಿ ಹಿಂದೆ ಸೀಮೆಣ್ಣೆ ಬುಡ್ಡಿ ಇಡುತ್ತಿದ್ದ ಒಂದು ಗೂಡಿತ್ತು. ಗೋಡೆಯ ಗೂಡಿನಲ್ಲಿಟ್ಟು ಇಟ್ಟಿಗೆ ಮುಚ್ಚಿ ಮೆತ್ತಿಬಿಟ್ಟರೆ ಮಣ್ಣಿಗೆ ಹಾಕಿದಂತೆಯೂ ಆಗುವುದಿಲ್ಲ, ಮನೆಯೊಳಗೇ ಇದ್ದಂತೆ ಎಂದರು. ಅಜ್ಜಿಯ ಕಡೆ ನೋಡಿದರು. ಅಜ್ಜಿ ಹ್ಞೂಂ ಅಂದರು.

ಗಡಿಯಾರದ ಜಾಗ ಖಾಲಿಯಿತ್ತು. ಅಲ್ಲಿಗೆ ಒಂದು ರೇಷ್ಮೆಗೂಡು ಹಾಕಲು ಹುಡುಗಿಗೆ ಆಸೆ. ಒಳ್ಳೆಯದೊಂದು ಆರಿಸಿಕೋ ಎಂದು ಅಜ್ಜಿ ಬುಟ್ಟಿ ಮುಂದೆ ಸರಿಸಿದರು. ಅವಳು ಒಳಗೆ ಹುಳು ಇದೆಯಲ್ಲ, ಕ್ಯಾನಿನಲ್ಲಿ ಸತ್ತುಹೋಗುತ್ತದೆ ಎಂದು ಹಿಂಜರಿದಳು. ತಾತ ಹೋಗಿ ಸೂರಿನ ಸಂದಿಯಿಂದ ಒಂದು ಹಳೆಯ ಗೂಡು ತಂದುಕೊಟ್ಟರು. ಹಿಂದಿನ ಬೆಳೆಯಲ್ಲಿ ಬಿಡಿಸಲು ಮರೆತುಹೋಗಿ, ಚಿಟ್ಟೆ ತಾನೇ ತೂತು ಮಾಡಿಕೊಂಡು ಹೊರಟುಹೋಗಿದ್ದ ಗೂಡು. ನೂಲು ತುಂಡಾಗಿರುವುದರಿಂದ ಮಾರುಕಟ್ಟೆಯಲ್ಲಿ ಅದನ್ನು ಯಾರೂ ಮುಟ್ಟುವುದಿಲ್ಲ. ಅವಳು ಆ ತೂತಿನಲ್ಲಿ ಬೆರಳ ತುದಿ ಹಾಕಿ ನೋಡಿ, ಇದೇ ಬೇಕು ಎಂದಳು. ಅಜ್ಜಿ ತಾವೂ ಏನಾದರೂ ಹಾಕಬೇಕೆಂದು, ಅಡುಗೆಮನೆಯಿಂದ ಅರಿಶಿನದ ಕೊಂಬೊಂದನ್ನು ತಂದರು. ತಾತ ಏನೂ ಹಾಕಲಿಲ್ಲ. ನಾನು ಈ ಗೋಡೆ ಕೊಟ್ಟಿದ್ದೀನಲ್ಲ ಎಂದರು.

ಮುಚ್ಚಳವನ್ನು ನಾನು ಬಿಗಿದೆ. ಇಟ್ಟಿಗೆಯನ್ನು ತಾತ ಕೂರಿಸಿದರು. ಮಣ್ಣು ಕಲಸಿದ್ದು ಹುಡುಗಿ, ಮೊಣಕೈವರೆಗೂ ಕೆಸರು ಮಾಡಿಕೊಂಡು. ಮೆತ್ತುವಾಗ ಅಜ್ಜಿಯೂ ಬಂದು ಒಂದು ಹಿಡಿ ತೆಗೆದುಕೊಂಡು, ಅಂಗೈಯಿಂದ ಸವರಿ ಸವರಿ ನುಣುಪು ಮಾಡಿದರು. ಆಮೇಲೆ ನನ್ನತ್ತ ಒಂದು ಹಿಡಿ ಚಾಚಿದರು. ನಾನೂ ಸವರಿದೆ. ತಣ್ಣಗಿತ್ತು. ಹಸಿ ಮಣ್ಣಿನ ಮೇಲೆ ನಾಲ್ವರ ಬೆರಳ ಗೆರೆಗಳೂ ಬೆರೆತು ಯಾವುದು ಯಾರದೆಂದು ತಿಳಿಯುತ್ತಿರಲಿಲ್ಲ.

ಹೊರಡುವಾಗ ಅಜ್ಜಿ ಸೊಪ್ಪು, ಕಡಲೆಕಾಯಿ ಚೀಲಕ್ಕೆ ತುಂಬಿದರು. ತಾತ ರಸ್ತೆಯವರೆಗೂ ಬಂದರು. ಆಟೋ ಬಂದಾಗ ಅವರು, ‘ಗೂಡು ಬಿಡ್ಸೋ ದಿನ ಫೋನ್ ಮಾಡ್ತೀನಿ ಮೇಷ್ಟ್ರೇ. ಕೈ ಆಡುತ್ತೆ ನಿಮ್ಗೆ’ ಎಂದರು. ನಾನು ಬರುತ್ತೇನೆಂದೆ. ಬಸ್ಸಿನಲ್ಲಿ ಹುಡುಗಿ ನನ್ನ ತೋಳಿಗೆ ಒರಗಿ ನಿದ್ದೆ ಹೋದಳು; ಅವಳ ಕೈಯ ಒಣಗಿದ ಮಣ್ಣು ನನ್ನ ಅಂಗಿಗೆಲ್ಲ ಹತ್ತಿತ್ತು. ಮನೆಯಲ್ಲಿ ಹೆಂಡತಿ ಬಾಗಿಲಲ್ಲೇ ಕಾದಿದ್ದಳು. ನಡೆದದ್ದನ್ನೆಲ್ಲ ಹುಡುಗಿ ಹೇಳಿದಳು, ಗಂಟಲು ಸರಿಮಾಡಿಕೊಳ್ಳುವುದನ್ನೂ ಮಾಡಿ ತೋರಿಸಿದಳು. ಹೆಂಡತಿ ಇನ್ನೊಂದು ಸಲ ಮಾಡಿಸಿ ಕೇಳಿ, ಆಮೇಲೆ ಅವಳೂ ನಕ್ಕಳು. ಮುಂದಿನ ಬೆಳೆಗೆ ಮೂವರೂ ಹೋದೆವು.

ಈಗ ಹುಡುಗಿ ಹೈಸ್ಕೂಲಿನಲ್ಲಿದ್ದಾಳೆ. ಕ್ಯಾನಿನ ಮಾತು ಆಡುವುದು ಕಡಿಮೆ. ಸೈಕಲ್ಲು, ಸ್ನೇಹಿತೆಯರು, ಥ್ರೋಬಾಲ್ ಎಂದು ಅವಳದೇ ಓಡಾಟ. ನಾನು ಮಾತ್ರ ಫೋನು ಬಂದಾಗಲೆಲ್ಲ ಶಿಡ್ಲಘಟ್ಟಕ್ಕೆ ಹೋಗುತ್ತೇನೆ. ಅಣ್ಣ ನಮ್ಮ ಹೊಲದ ಕೆಲಸಕ್ಕೆ ಕರೆದರೆ ಶಾಲೆಯ ನೆಪ ಹೇಳುವ ನಾನು ಅಲ್ಲಿಗೆ ರಜೆ ಹಾಕಿ ಓಡುತ್ತೇನೆಂದು ಅತ್ತಿಗೆಗೆ ಒಂದಿಷ್ಟು ಮುನಿಸೂ ಇದೆ. ಹೋದ ವರ್ಷ ತಾತ ಕಣ್ಣು ತೋರಿಸಲು ನಮ್ಮಲ್ಲಿಗೆ ಬಂದು ವಾರವಿಡೀ ಇದ್ದರು. ಸಂಜೆ ಇಬ್ಬರೂ ರೈಲು ನಿಲ್ದಾಣದ ಬೆಂಚಿನ ಮೇಲೆ ಕೂತು ಹಿಂದೂಪುರದ ಕಡೆಯ ಗಾಡಿ ನೋಡಿಕೊಂಡು ಬರುತ್ತಿದ್ದೆವು.

ಮೊನ್ನೆ ಯುಗಾದಿಗೆ ಹುಳುಮನೆಯ ಗೋಡೆಗಳಿಗೆಲ್ಲ ಹೊಸದಾಗಿ ಗಿಲಾವು ಮಾಡಿ ಸುಣ್ಣ ಹೊಡೆಸಿದ್ದರು. ಕ್ಯಾನು ಇರುವ ಜಾಗ ಯಾವುದೆಂದು ಈಗ ಯಾರಿಗೂ ಸರಿಯಾಗಿ ಗೊತ್ತಾಗುವುದಿಲ್ಲ. ತಾತ ಕಿಟಕಿಯಿಂದ ಎರಡು ಮೊಳ ಈಚೆ ಎಂದರು. ಅಜ್ಜಿ ಅದಲ್ಲ, ಬಾಗಿಲ ಪಕ್ಕ, ದಿನಾ ಓಡಾಡುವ ನನಗೆ ಗೊತ್ತಿಲ್ಲವೇ ಎಂದು ಜಗಳಕ್ಕೆ ನಿಂತರು. ಹೆಂಡತಿ ಬೆರಳ ಗೆಣ್ಣಿನಿಂದ ಗೋಡೆ ತಟ್ಟಿ ತಟ್ಟಿ ಕಿವಿಗೊಟ್ಟಳು. ನನ್ನ ನೆನಪಿನ ಪ್ರಕಾರ ಅದು ಇಬ್ಬರೂ ತೋರಿಸಿದ್ದರ ನಡುವೆ ಇತ್ತು, ಆದರೆ ಹಿರಿಯರ ನಡುವೆ ಬಾಯಿ ಹಾಕಲಿಲ್ಲ. ಹುಡುಗಿ ಹೊಸ್ತಿಲ ಮೇಲೆ ಕೂತು ಒಬ್ಬಟ್ಟು ತಿನ್ನುತ್ತಾ ನಮ್ಮನ್ನೆಲ್ಲ ನೋಡುತ್ತಿದ್ದಳು. ಗೋಡೆಯೊಳಗಂತೂ ಇದೆಯಲ್ಲ, ಎಲ್ಲಿ ಹೋಗುತ್ತದೆ ಎಂದಳು. ಅಷ್ಟರಲ್ಲಿ ಒಲೆಯ ಮೇಲೆ ಬೇಳೆ ಉಕ್ಕಿದ ವಾಸನೆ ಬಂದು, ಅಜ್ಜಿ ಜಗಳವನ್ನು ಅರ್ಧಕ್ಕೇ ಬಿಟ್ಟು ಒಳಗೆ ಓಡಿದರು.